ಶಾಲೆಯ 300 ಮಕ್ಕಳಿಗೆ ಫೋಟೋ ಐಡಿ ಕಾರ್ಡ್ ಮಾಡಬೇಕು: ಲ್ಯಾಮಿನೇಷನ್ ಸಾಕಾ, ಪಿವಿಸಿ ಪ್ರಿಂಟರ್ ತಗೋಬೇಕಾ?

ಪಿವಿಸಿ ಪ್ರಿಂಟರ್ (ಪ್ಲಾಸ್ಟಿಕ್ ಕಾರ್ಡಿನ ಮೇಲೆಯೇ ಪ್ರಿಂಟ್ ಮಾಡುವ ಮಷೀನು) ವಿಷಯ ಆಮೇಲೆ ನೋಡೋಣ. ಮೊದಲ ಸಲ ಶಾಲೆಯ ಕೆಲಸ ಒಪ್ಪಿಕೊಂಡಾಗ ನಾನೂ ಪ್ರಿಂಟರ್‌ಗಳನ್ನೇ ಹೋಲಿಸುತ್ತಾ ಕೂತಿದ್ದೆ. ಆದರೆ ನಷ್ಟ ಆಗಿದ್ದು ಫೋಟೋ ಫೈಲುಗಳ ಹೆಸರಿನಿಂದ.

ಹಾಜರಿ ಪುಸ್ತಕದ ಕ್ರಮದಲ್ಲೇ ಮಕ್ಕಳನ್ನು ಕರೆದು ಫೋಟೋ ತೆಗೆದೆ. ಕ್ಯಾಮೆರಾ ಕೊಟ್ಟ ನಂಬರುಗಳನ್ನು ಹಾಗೇ ಬಿಟ್ಟೆ. ಎಕ್ಸೆಲ್ ಪಟ್ಟಿಯಲ್ಲಿ ಮೊದಲ ಹೆಸರಿಗೆ ಮೊದಲ ಫೋಟೋ, ಎರಡನೆಯದಕ್ಕೆ ಎರಡನೆಯದು ಅಂತ ಕೆಳಗಿನವರೆಗೂ ಎಳೆದುಬಿಟ್ಟೆ. ಆರನೇ ತರಗತಿಯ ಒಬ್ಬಳು ಅವತ್ತು ಬಂದಿರಲಿಲ್ಲ. ಅವಳ ಹೆಸರಿಗೆ ಮುಂದಿನ ಹುಡುಗನ ಮುಖ ಬಂತು, ಅವನ ಹೆಸರಿಗೆ ಅವನ ಮುಂದಿನವನದು. ಅಲ್ಲಿಂದ ಕೊನೆಯ ತರಗತಿವರೆಗೆ ಎಲ್ಲ ಫೋಟೋಗಳೂ ಒಂದೊಂದು ಮನೆ ಜಾರಿದ್ದವು. ಕೆಳಗಿನ ತರಗತಿಗಳ ಕಾರ್ಡ್ ಮೊದಲು ಬಂದವು, ಅವು ಸರಿ ಇದ್ದವು. ಹಾಗಾಗಿ ಉಳಿದದ್ದನ್ನು ನೋಡದೇ ಪ್ರಿಂಟಿಗೆ ಬಿಟ್ಟೆ.

ಪಿವಿಸಿ ಪ್ರಿಂಟರಿನ ರಿಬ್ಬನ್, ಅಂದರೆ ಬಣ್ಣದ ಪಟ್ಟಿಯ ಒಂದು ಭಾಗ ಒಮ್ಮೆ ಓಡಿದರೆ ಮುಗಿಯಿತು. ಹಳದಿ, ಮಜೆಂಟಾ, ಸಯಾನ್, ಕಪ್ಪು, ಮೇಲೊಂದು ಪಾರದರ್ಶಕ ಪದರ, ಇಷ್ಟೂ ಒಂದೇ ಕಾರ್ಡಿಗೆ ಖರ್ಚು. ತಪ್ಪು ಕಾರ್ಡನ್ನು ಅಳಿಸಿ ಮತ್ತೆ ಬಳಸೋಕೂ ಆಗುವುದಿಲ್ಲ. ದುಡ್ಡಿಗಿಂತ ಜಾಸ್ತಿ ಹೆದರಿಸಿದ್ದು ಬೇರೆ: ಒಂದು ಮಗುವಿನ ಮುಖದ ಕೆಳಗೆ ಇನ್ನೊಂದು ಮಗುವಿನ ರಕ್ತದ ಗುಂಪು, ಇನ್ಯಾರದೋ ಅಪ್ಪನ ಫೋನ್ ನಂಬರು. ಹಂಚಿದ ಮೇಲೆ ಗೊತ್ತಾಗಿದ್ದರೆ?

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆ ಯಾವ ಮಷೀನು ಅನ್ನೋದಲ್ಲ. ಪ್ರತಿ ಮಗುವಿನ ದಾಖಲಾತಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ದಪ್ಪಗೆ ಬರೆದು, ಹೊಟ್ಟೆಯ ಹತ್ತಿರ ಹಿಡಿಸಿ ಫೋಟೋ ತೆಗೆಯಿರಿ. ಕ್ರಾಪ್ ಮಾಡುವಾಗ ಆ ಚೀಟಿ ಹೋಗುತ್ತದೆ, ಆದರೆ ಫೈಲಿಗೆ ಅದೇ ಸಂಖ್ಯೆಯ ಹೆಸರಿಡಿ. ಪಟ್ಟಿಯಲ್ಲೂ ಆ ಸಂಖ್ಯೆಯಿಂದಲೇ ಫೋಟೋ ಹುಡುಕಿಸಿ, ಸಾಲಿನ ಕ್ರಮ ನಂಬಬೇಡಿ. ಆಮೇಲೆ ತರಗತಿಗೊಂದು ಪ್ರೂಫನ್ನು (ತಪ್ಪು ನೋಡೋಕೆ ಮಾದರಿ ಪ್ರಿಂಟು) ಸಾದಾ ಹಾಳೆಯಲ್ಲಿ ತೆಗೆದು ಕ್ಲಾಸ್ ಟೀಚರ್ ಸಹಿ ಹಾಕಿಸಿಕೊಳ್ಳಿ. ಮಕ್ಕಳ ಮುಖ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ, ಅಲ್ವಾ?

ಇನ್ನು ಮಷೀನು. ತರಗತಿ ವರ್ಷಾವರ್ಷ ಬದಲಾಗುತ್ತದೆ, ಕಾರ್ಡೂ ಬದಲಾಗಲೇಬೇಕು. ಒಂದೇ ಶಾಲೆಗೆ ಸುಮ್ನೆ ಪ್ರಿಂಟರ್ ಕೊಳ್ಳಬೇಡಿ, ಲ್ಯಾಮಿನೇಷನ್ ಸಾಕು. ಕಾಗದವನ್ನು ಪೌಚಿಗಿಂತ ಚಿಕ್ಕದಾಗಿ ಕತ್ತರಿಸಿ, ಸುತ್ತಲೂ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟುವಷ್ಟು ಅಂಚು ಬಿಡಿ. ತೂತನ್ನೂ ಆ ಅಂಚಿನಲ್ಲೇ ಹೊಡೆಯಿರಿ, ಕಾಗದಕ್ಕೆ ತಾಗಿದರೆ ಅಲ್ಲಿಂದಲೇ ನೀರು ಇಳಿಯುತ್ತದೆ. ಪಿವಿಸಿಯೇ ಬೇಕೆಂದು ಶಾಲೆಯವರು ಹಟ ಹಿಡಿದರೆ 85.6 × 54 ಮಿ.ಮೀ. ಅಳತೆಗೆ ಡಿಸೈನ್ ಮಾಡಿ ಹೊರಗೆ ಪ್ರಿಂಟ್ ಮಾಡಿಸಿ. ಸಾದಾ ಪಿವಿಸಿ ಕಾರ್ಡಿಗೆ ಮನೆಯ ಇಂಕ್‌ಜೆಟ್ ಹಚ್ಚಬೇಡಿ. ಲೇಪನ ಇಲ್ಲದಿದ್ದರೆ ಶಾಯಿ ಕೈಗೆ ಬರುತ್ತದೆ.