ಬಬೂನಿಗೆ ಬಾಳೆಹಣ್ಣು ಕೊಡಬಹುದಾ ಅಂತ ಕೇಳಿದ ತಂಗಿಗೆ

ಕೇಪ್ ಟೌನಿಗೆ ಬಂದು ಎರಡು ತಿಂಗಳಾಯಿತು, ಮುಂದಿನ ವಾರ ಊರಿಂದ ಅತ್ತೆ ಮಾವ ಬರುತ್ತಾರೆ, ಎಲ್ಲರೂ ಕಾರಿನಲ್ಲಿ ಕೇಪ್ ಪಾಯಿಂಟ್‌ಗೆ ಹೋಗುತ್ತೇವೆ ಅಂತ ಬರೆದಿದ್ದೀಯ. ದಾರಿಯಲ್ಲಿ ಬಬೂನ್ ಅನ್ನುವ ದೊಡ್ಡ ಕೋತಿಗಳು ಸಿಗುತ್ತವಂತೆ, ಆಂಜನೇಯನ ಹೆಸರಲ್ಲಿ ಅವಕ್ಕೆ ನಾಲ್ಕು ಬಾಳೆಹಣ್ಣು ಕೊಡಬೇಕು ಅಂತ ಅತ್ತೆಯವರ ಆಸೆ, ಕೊಡಬಹುದಾ ಅಕ್ಕಾ ಅಂತ ಕೇಳಿದ್ದೀಯ.

ಕೊಡಬೇಡ ತಂಗಿ. ಒಂದು ಹಣ್ಣೂ ಬೇಡ, ಸಿಪ್ಪೆಯೂ ಬೇಡ.

ನಾನು ಮಲೆನಾಡಿನವಳು. ತೋಟದ ಬಾಳೆಗೊನೆ ಹಾಳು ಮಾಡಿದ ಮಂಗನನ್ನು ಬೆಳಿಗ್ಗೆ ಬೈದು, ಶನಿವಾರ ದೇವಸ್ಥಾನದ ಮುಂದೆ ಅದೇ ಮಂಗನಿಗೆ ಹಣ್ಣು ಕೊಟ್ಟು ಕೈಮುಗಿಯುತ್ತಿದ್ದ ಅಜ್ಜಿಯ ಜೊತೆ ಬೆಳೆದೆ. ಹಾಗಾಗಿ ನಿಮ್ಮತ್ತೆಯವರ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ನಮ್ಮೂರ ಕೋತಿ ಏಳೆಂಟು ಕೆ.ಜಿ. ತೂಗಿದರೆ ಹೆಚ್ಚು. ಇಲ್ಲಿನದು ಚಾಕ್ಮಾ ಬಬೂನ್, ಗಂಡು 30 ಕೆ.ಜಿ. ದಾಟುತ್ತದೆ, ಕೋರೆಹಲ್ಲು ನನ್ನ ಬೆರಳುದ್ದ. ಆಫ್ರಿಕಾನ್ಸ್ ಭಾಷೆಯಲ್ಲಿ ಅದನ್ನು ಬೊಬ್ಬೆಯಾನ್ ಅನ್ನುತ್ತಾರೆ. ಗುಡ್ಡದ ಮೇಲಿಂದ ದೊಡ್ಡ ಗಂಡು ಕೂಗಿದ್ದನ್ನು ಕೇಳಿದ ಮೇಲೆ ಆ ಹೆಸರಲ್ಲಿ ನಮ್ಮ ‘ಬೊಬ್ಬೆ’ಯೇ ಕೇಳಿಸುತ್ತದೆ ನನಗೆ.

ಬಂದ ವರ್ಷವೇ ನನಗೆ ಪಾಠವಾಯಿತು. ಸೈಮನ್ಸ್ ಟೌನ್ ದಾಟಿ ಸ್ಮಿಟ್ಸ್‌ವಿಂಕಲ್ ಕೊಲ್ಲಿಯ ಹತ್ತಿರ ಸಮುದ್ರ ನೋಡಲು ಕಾರು ನಿಲ್ಲಿಸಿದೆವು. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಹಿಡಿ ಎಳೆದ ಸದ್ದಿಗೆ ತಿರುಗಿದರೆ ಹಿಂದಿನ ಸೀಟಿನಲ್ಲಿ ದೊಡ್ಡದೊಂದು ಗಂಡು ಕೂತಿದೆ. ಚಪಾತಿ ಬುತ್ತಿ ಇದ್ದ ಚೀಲ ಅದರ ಕೈಯಲ್ಲಿ. ಅದೇ ಚೀಲದಲ್ಲಿ ಪಾಸ್‌ಪೋರ್ಟ್. ನಾನು ಚೀಲದ ಹಿಡಿಗೆ ಕೈ ಹಾಕಿಬಿಟ್ಟೆ. ಅದು ಬಾಯಿ ತೆರೆದು ಹಲ್ಲು ತೋರಿಸಿತು, ಅಷ್ಟೇ. ದಾರಿಹೋಕರೊಬ್ಬರು ‘ಬಿಡಿ, ಬಿಡಿ!’ ಅಂತ ಕೂಗದಿದ್ದರೆ ನಾನು ಬಿಡುತ್ತಿರಲಿಲ್ಲವೇನೋ. ಅದು ಚಪಾತಿಯನ್ನೆಲ್ಲ ತಿಂದು, ಪಾಸ್‌ಪೋರ್ಟನ್ನು ರಸ್ತೆಗೆ ಎಸೆದು, ಗುಡ್ಡ ಹತ್ತಿತು.

ಆ ದಿನ ನನಗೆ ಅದರ ಮೇಲೆ ಸಿಟ್ಟು ಬಂದಿತ್ತು. ಸಿಟ್ಟು ಇಳಿದದ್ದು ಫ್ರೆಡ್ ಅನ್ನುವ ಗಂಡು ಬಬೂನಿನ ಕಥೆ ತಿಳಿದ ಮೇಲೆ. ಸ್ಮಿಟ್ಸ್‌ವಿಂಕಲ್ ಗುಂಪಿನ ಯಜಮಾನ ಅದು. ಕಾರಿನ ಬಾಗಿಲು ತೆರೆಯುವುದರಲ್ಲಿ ಹೆಸರುವಾಸಿ, ಅಡ್ಡ ಬಂದ ಕೆಲವರನ್ನು ಕಚ್ಚಿಯೂ ಇತ್ತು. 2011ರಲ್ಲಿ ಹಿಡಿದು ಮದ್ದು ಕೊಟ್ಟು ಸಾಯಿಸಿದರು. ಕಾರಿನಲ್ಲಿ ಊಟ ಇರುತ್ತದೆ ಅಂತ ಅದಕ್ಕೆ ಹುಟ್ಟುವಾಗ ಗೊತ್ತಿರಲಿಲ್ಲವಲ್ಲ! ಪ್ರೀತಿಯಿಂದಲೋ ಫೋಟೋ ಆಸೆಗೋ ತಿಂಡಿ ಕೊಟ್ಟ ಮನುಷ್ಯರೇ ಕಲಿಸಿದ್ದು. ಕೊಟ್ಟವರು ಮನೆಗೆ ಹೋದರು. ‘ತಿನ್ನಿಸಿದ ಬಬೂನ್ ಅಂದರೆ ಸತ್ತ ಬಬೂನ್’ ಅನ್ನುವುದು ಇಲ್ಲಿನವರ ಮಾತು. ಬೇರೆ ಕಾಡಿಗೆ ಓಡಿಹೋಗೋಣ ಅಂದರೆ ದಾರಿಯೂ ಇಲ್ಲ ಅವಕ್ಕೆ. ಮೂರು ಕಡೆ ಸಮುದ್ರ, ಒಂದು ಕಡೆ ಇಡೀ ಕೇಪ್ ಟೌನ್. ತಿನ್ನಿಸುವುದು ಕಾನೂನಿನಲ್ಲೂ ಅಪರಾಧ, ಆದರೆ ನಾನು ಹೇಳುತ್ತಿರುವುದು ದಂಡದ ಹೆದರಿಕೆಯಿಂದಲ್ಲ.

ಊಟವನ್ನೆಲ್ಲ ಡಿಕ್ಕಿಯಲ್ಲಿಡು, ಸೀಟಿನ ಮೇಲೆ ಖಾಲಿ ಪ್ಲಾಸ್ಟಿಕ್ ಚೀಲವೂ ಕಾಣಬಾರದು. ಬಬೂನ್‌ಗಳು ರಸ್ತೆಯಲ್ಲಿದ್ದರೆ ಗಾಜು ಪೂರ್ತಿ ಏರಿಸಿ, ಬಾಗಿಲು ಲಾಕ್ ಮಾಡಿ, ನಿಧಾನ ಮುಂದೆ ಸಾಗಿ. ಇಳಿದಾಗ ಎದುರಾದರೆ ಓಡಬೇಡಿ, ಕಣ್ಣಿಟ್ಟು ನೋಡಬೇಡಿ, ತಾಯಿ ಮರಿಯ ನಡುವೆ ನಿಲ್ಲಬೇಡಿ. ಮೆಲ್ಲಗೆ ಹಿಂದೆ ಸರಿಯಿರಿ. ಚೀಲಕ್ಕೆ ಕೈ ಹಾಕಿತೋ, ಕೊಟ್ಟುಬಿಡಿ. ಕಾರಿನೊಳಗೇ ನುಗ್ಗಿದರೆ ಬಾಗಿಲೆಲ್ಲ ತೆರೆದು ದೂರ ನಿಂತರೆ ಅದೇ ಹೊರಗೆ ಹೋಗುತ್ತದೆ. ಪಾಸ್‌ಪೋರ್ಟ್ ಮಾತ್ರ ಮೈಮೇಲೇ ಇರಲಿ.

ಅತ್ತೆಯವರಿಗೆ ಬೇಸರವಾಗದಂತೆ ಹೀಗೆ ಮಾಡು. ಕೇಪ್ ಟೌನಿನ ರೈಲ್ಯಾಂಡ್ಸ್ ಬಡಾವಣೆಯಲ್ಲಿ ಶಿವಾಲಯವಿದೆ, ಬಾಳೆಹಣ್ಣು ಅಲ್ಲಿಗೆ ಒಯ್ಯಿರಿ. ಕೇಪ್ ಪಾಯಿಂಟ್‌ಗೆ ಹೊರಡುವ ದಿನ ಸಮುದ್ರದ ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿಕೊ. ನೀರು ಇಳಿದಾಗ ಅಲ್ಲಿನ ಬಬೂನ್‌ಗಳು ಬಂಡೆಗಳ ಮೇಲಿಳಿದು ಚಿಪ್ಪುಜೀವಿಗಳನ್ನು ಕಿತ್ತು ತಿನ್ನುತ್ತವೆ, ಸಮುದ್ರದಿಂದ ಹೊಟ್ಟೆ ಹೊರೆಯುವ ಕೋತಿಗಳು ಅವು. ಅದೃಷ್ಟವಿದ್ದರೆ ಕಾಣುತ್ತವೆ. ನನಗೆ ಎರಡೇ ಸಲ ಸಿಕ್ಕಿದ್ದು. ಒಂದು ತಾಯಿ, ಹೊಟ್ಟೆಗೆ ಅಂಟಿಕೊಂಡ ಕಪ್ಪು ಕೂದಲಿನ ಮರಿ. ಅಲೆ ಬಂದಾಗೆಲ್ಲ ಹಿಂದೆ ಜಿಗಿದು, ಹೋದೊಡನೆ ಮತ್ತೆ ಬಂದು ಬಂಡೆ ಕೆರೆಯುತ್ತಿತ್ತು. ಕಾರಿನ ಗಾಜಿನೊಳಗಿಂದಲೇ ಅರ್ಧ ಗಂಟೆ ನೋಡಿದೆ. ನಮ್ಮಮ್ಮ ಪಕ್ಕದಲ್ಲಿದ್ದರು, ಕೂತಲ್ಲೇ ಕೈಮುಗಿದರು.