ಚುನಾವಣಾ ಪ್ರಚಾರದಲ್ಲಿ ಬೆಂಬಲಿಗರು ಎದುರಾಳಿ ಮತ್ತು ಮತದಾರರ ಜೊತೆ ಹೇಗೆ ನಡೆದುಕೊಳ್ಳಬೇಕು?

ಎದುರಾಳಿಯ ಕೆಲಸ, ನಿಲುವುಗಳನ್ನು ಎಷ್ಟು ಬೇಕಾದರೂ ಟೀಕಿಸಿ. ಅವರ ಮನೆಯವರು, ಧರ್ಮ, ರೂಪದ ತಂಟೆಗೆ ಹೋಗಬೇಡಿ. ಮತದಾರರು ಹೇಳುವುದನ್ನು ಮೊದಲು ಕೇಳಿ. ಬೇಡ ಅಂದರೆ ನಮಸ್ಕಾರ ಹೇಳಿ ಹೊರಡಿ.

ಯಾಕೆಂದರೆ ಬಹಳಷ್ಟು ಜನ ಅಭ್ಯರ್ಥಿಯನ್ನು ಹತ್ತಿರದಿಂದ ನೋಡಿಯೇ ಇರುವುದಿಲ್ಲ. ಬಾಗಿಲಿಗೆ ಬಂದ ನಿಮ್ಮನ್ನು ನೋಡಿಯೇ ಅವರನ್ನು ಅಳೆಯುತ್ತಾರೆ. ಜೊತೆಗೆ, ಎದುರಾಳಿಯನ್ನು ಬೈದರೆ ಅವರನ್ನು ಮೆಚ್ಚಿದವರನ್ನೂ ಬೈದ ಹಾಗೆ ಅಲ್ವಾ? ಆಮೇಲೆ ಅವರು ನಿಮ್ಮ ಮಾತಿಗೆ ಕಿವಿ ಕೊಡುವುದಿಲ್ಲ, ತಮ್ಮ ಪಟ್ಟನ್ನೇ ಜಾಸ್ತಿ ಬಿಗಿ ಮಾಡುತ್ತಾರೆ.

ನಾನು ತುಂಬಾ ಗೌರವಿಸುವ ಒಂದು ಘಟನೆ ಇದೆ. 2008ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಅಭ್ಯರ್ಥಿ ಜಾನ್ ಮೆಕೇನ್ ಅವರ ಸಭೆಯೊಂದರಲ್ಲಿ ಅವರ ಬೆಂಬಲಿಗರೊಬ್ಬರು ಎದುರಾಳಿ ಬರಾಕ್ ಒಬಾಮಾರನ್ನು ನಂಬೋದಿಲ್ಲ, ಅವರು ಅರಬ್ ಎಂದರು. ಮೆಕೇನ್ ತಕ್ಷಣ ಮೈಕ್ ತೆಗೆದುಕೊಂಡರು. ಒಬಾಮಾ ಸಭ್ಯ, ಕುಟುಂಬವಂತ ವ್ಯಕ್ತಿ, ತಮಗಿರುವುದು ಭಿನ್ನಾಭಿಪ್ರಾಯ ಅಷ್ಟೇ ಎಂದು ತಿದ್ದಿದರು.