ಪಲ್ಲಕ್ಕಿಯ ಮುಂದೆ ತಮಿಳು, ಹಿಂದೆ ವೇದ

ಪ್ರಶ್ನೆ: ಕಳೆದ ಧನುರ್ಮಾಸದಲ್ಲಿ ಮೇಲುಕೋಟೆಗೆ ಹೋಗಿದ್ದೆ. ಅರ್ಚಕರು ಸಂಸ್ಕೃತದಲ್ಲಿ ಮಂತ್ರ ಹೇಳುತ್ತಿದ್ದರೆ, ಎದುರಿಗೆ ಸಾಲಾಗಿ ನಿಂತವರು ತಮಿಳು ಪದ್ಯಗಳನ್ನು ಹೇಳುತ್ತಿದ್ದರು. ಕನ್ನಡ ನಾಡಿನ ದೇವಸ್ಥಾನದಲ್ಲಿ ತಮಿಳು ಏಕೆ? ಶಾಸ್ತ್ರದ ಪ್ರಕಾರ ದೇವರಿಗೆ ಸಂಸ್ಕೃತವೇ ಆಗಬೇಕಲ್ಲವೇ? ತಮಿಳು ಪದ್ಯಕ್ಕೂ ವೇದದಷ್ಟೇ ಬೆಲೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮುಂದಿನ ಸಲ ಉತ್ಸವದ ದಿನ ಹೋಗಿ, ಉತ್ಸವಮೂರ್ತಿ ಬೀದಿಗೆ ಬಂದಾಗ ಯಾರು ಎಲ್ಲಿ ನಡೆಯುತ್ತಾರೆಂದು ಗಮನಿಸಿ. ದಿವ್ಯಪ್ರಬಂಧ, ಅಂದರೆ ಆಳ್ವಾರರೆಂಬ ವೈಷ್ಣವ ಸಂತಕವಿಗಳ ತಮಿಳು ಪದ್ಯಗಳನ್ನು ಹೇಳುವ ಗೋಷ್ಠಿ ದೇವರ ಮುಂದೆ ಸಾಗುತ್ತದೆ, ವೇದ ಹೇಳುವ ಗೋಷ್ಠಿ ಹಿಂದೆ ಬರುತ್ತದೆ. ಶ್ರೀವೈಷ್ಣವ ದೇವಾಲಯಗಳ ಕ್ರಮವೇ ಇದು. ವೇದ ದೇವರನ್ನು ಅರಸುತ್ತ ಹಿಂದೆ ಬರುತ್ತದೆ, ದೇವರು ತಮಿಳನ್ನು ಅರಸುತ್ತ ಅದರ ಹಿಂದೆ ಹೋಗುತ್ತಾನೆ ಎಂದು ಹಿರಿಯರು ಇದಕ್ಕೆ ಕಾರಣ ಹೇಳುತ್ತಾರೆ.

ಇದರ ಬೆನ್ನಿಗೆ ಕಂಚಿಯ ಒಂದು ಕಥೆಯೂ ಇದೆ. ತನ್ನನ್ನು ಹೊಗಳಿ ಹಾಡಲಿಲ್ಲವೆಂದು ರಾಜ ಕಣಿಕಣ್ಣನನ್ನು ಊರು ಬಿಡಿಸಿದ. ಕಣಿಕಣ್ಣನ ಗುರು ತಿರುಮೞಿಶೈ ಆಳ್ವಾರರು, ‘ಶಿಷ್ಯ ಹೊರಟ, ನಾನೂ ಹೊರಟೆ, ನೀನೂ ನಿನ್ನ ಹಾವಿನ ಹಾಸಿಗೆ ಸುತ್ತಿಕೊಂಡು ಹೊರಡು’ ಎಂಬರ್ಥದ ತಮಿಳು ಪದ್ಯವೊಂದನ್ನು ದೇವರ ಮುಂದೆ ಹೇಳಿದರು. ದೇವರು ಎದ್ದು ಹೊರಟೇಬಿಟ್ಟ. ರಾಜ ತಪ್ಪೊಪ್ಪಿಕೊಂಡ ಮೇಲೆ ಮೂವರೂ ಹಿಂದಿರುಗಿದರು. ಅಲ್ಲಿನ ಪೆರುಮಾಳಿಗೆ, ಅಂದರೆ ವಿಷ್ಣುವಿಗೆ, ಇಂದಿಗೂ ಎರಡು ಹೆಸರು: ತಮಿಳಿನಲ್ಲಿ ‘ಸೊನ್ನವಣ್ಣಂ ಸೆಯ್ದ ಪೆರುಮಾಳ್’, ಸಂಸ್ಕೃತದಲ್ಲಿ ‘ಯಥೋಕ್ತಕಾರಿ’. ಎರಡಕ್ಕೂ ಅರ್ಥ ಒಂದೇ, ಹೇಳಿದಂತೆ ಮಾಡಿದವನು.

ಕಥೆ ಬದಿಗಿರಲಿ. ಶ್ರೀವೈಷ್ಣವ ಸಂಪ್ರದಾಯ ತನ್ನನ್ನು ಕರೆದುಕೊಳ್ಳುವುದೇ ‘ಉಭಯ ವೇದಾಂತ’ ಎಂದು, ಸಂಸ್ಕೃತದ್ದೂ ತಮಿಳಿನದೂ ಎರಡೂ ವೇದಾಂತವೇ ಎಂಬ ಅರ್ಥದಲ್ಲಿ. ಹನ್ನೆರಡು ಆಳ್ವಾರರ ನಾಲ್ಕು ಸಾವಿರ ಪಾಶುರಗಳನ್ನು, ಅಂದರೆ ತಮಿಳು ಪದ್ಯಗಳನ್ನು, ಒಟ್ಟುಗೂಡಿಸಿದವರು ನಾಥಮುನಿಗಳು. ಅವರು ನಮ್ಮಾಳ್ವಾರರ ‘ತಿರುವಾಯ್ಮೊೞಿ’ ಎಂಬ ಕೃತಿಯನ್ನು ‘ದ್ರಾವಿಡ ವೇದಸಾಗರ’ ಎಂದು ಕೈಮುಗಿದದ್ದು, ಸ್ವಾರಸ್ಯ ನೋಡಿ, ಸಂಸ್ಕೃತ ಶ್ಲೋಕದಲ್ಲಿ! ಬ್ರಾಹ್ಮಣರಲ್ಲದ ನಮ್ಮಾಳ್ವಾರರ ಮಾತನ್ನು ವೇದವೆಂದು ವೈದಿಕರೇ ತಲೆಯ ಮೇಲಿಟ್ಟುಕೊಂಡದ್ದು ಸಣ್ಣ ಸಂಗತಿಯಲ್ಲ. ರಾಮಾನುಜರು ಶ್ರೀಭಾಷ್ಯವೂ ಸೇರಿ ತಮ್ಮ ಒಂಬತ್ತೂ ಗ್ರಂಥಗಳನ್ನು ಬರೆದದ್ದು ಸಂಸ್ಕೃತದಲ್ಲಿ. ಆದರೆ ಅವರಿಗೆ ಅಂಟಿದ ಅಡ್ಡಹೆಸರು ‘ತಿರುಪ್ಪಾವೈ ಜೀಯರ್’. ತಿರುಪ್ಪಾವೈ ಎಂದರೆ ಆಳ್ವಾರರಲ್ಲಿ ಒಬ್ಬಳಾದ ಆಂಡಾಳಳ ಮೂವತ್ತು ಪಾಶುರಗಳು; ಅವರ ಬಾಯಲ್ಲಿ ಸದಾ ಅವೇ ಇರುತ್ತಿದ್ದವಂತೆ. ಶ್ರೀವೈಷ್ಣವರ ಎರಡು ಪಂಗಡಗಳಲ್ಲಿ ವಡಕಲೈಯವರಿಗೆ ಸಂಸ್ಕೃತ, ತೆಂಗಲೈಯವರಿಗೆ ತಮಿಳು ಎಂದು ಗೆರೆ ಎಳೆಯುವವರಿದ್ದಾರೆ. ಅದೂ ಅಷ್ಟು ಸುಲಭವಲ್ಲ. ವಡಕಲೈಯವರ ಪರಮಾಚಾರ್ಯರಾದ ವೇದಾಂತ ದೇಶಿಕರೇ, ತಮಿಳು ಮಾಲೆಗಳನ್ನು ಓದಿ, ವೇದದಲ್ಲಿ ತಿಳಿಯದೆ ಉಳಿದ ಜಾಗಗಳನ್ನು ತಿಳಿದುಕೊಳ್ಳುತ್ತೇವೆ ಎಂದು ತಮಿಳಿನಲ್ಲಿಯೇ ಹಾಡಿದ್ದಾರೆ.

ಹಾಗಾದರೆ ಸಂಸ್ಕೃತ ಬೇಡವೇ? ಅದರ ಕೆಲಸ ಬೇರೆ. ಆವಾಹನೆ, ನ್ಯಾಸ, ಅಭಿಷೇಕ ಇವೆಲ್ಲ ಆಗಮದ, ಅಂದರೆ ದೇವಾಲಯ ಪೂಜಾಶಾಸ್ತ್ರದ, ವಿಧಿಗಳು. ಮೇಲುಕೋಟೆಯಲ್ಲಿ ಪಾಂಚರಾತ್ರ ಆಗಮ, ತಿರುಮಲೆಯಲ್ಲಿ ವೈಖಾನಸ ಆಗಮ. ಅಲ್ಲಿ ಮಂತ್ರದ ಅರ್ಥಕ್ಕಿಂತ ಅದರ ಅಕ್ಷರ, ಸ್ವರಗಳೇ ಮುಖ್ಯವೆಂಬ ನಂಬಿಕೆ, ಆದ್ದರಿಂದ ಅನುವಾದದ ಮಾತೇ ಬರುವುದಿಲ್ಲ. ಪಾಶುರ ವಿಧಿಯಲ್ಲ, ಮಾತುಕತೆ. ಅದರಲ್ಲಿ ದೇವರನ್ನು ಬೈಯಬಹುದು, ಏಳು ಎನ್ನಬಹುದು, ಕಂಚಿಯಲ್ಲಿ ಆದಂತೆ ಹೊರಡು ಎನ್ನಲೂಬಹುದು. ಹೀಗಾಗಿ ‘ಶಾಸ್ತ್ರದ ಪ್ರಕಾರ ಸಂಸ್ಕೃತವೇ’ ಎಂಬ ನಿಮ್ಮ ಮಾತು ಅರ್ಧ ಸರಿ.

ಶೈವರಲ್ಲಿ ಹಂಚಿಕೆ ಇಷ್ಟು ಹದವಾಗಿಲ್ಲ ಎಂದು ನನ್ನ ಅನಿಸಿಕೆ. ದೇವರು ‘ವಡಮೊೞಿಯೂ (ಸಂಸ್ಕೃತವೂ) ತೆನ್ತಮಿೞೂ ನಾಲ್ಕು ವೇದಗಳೂ ಆದವನು’ ಎಂದು ಶೈವ ಸಂತಕವಿ ಅಪ್ಪರ್ ಹಾಡಿದ್ದರು. ರಾಜರಾಜ ಚೋಳ ತಂಜಾವೂರಿನ ದೊಡ್ಡ ಗುಡಿಯಲ್ಲಿ ತಿರುಪ್ಪದಿಯಂ, ಅಂದರೆ ಶೈವ ಸಂತರ ತಮಿಳು ತೇವಾರ ಪದ್ಯಗಳನ್ನು, ಹಾಡಲು 48 ಮಂದಿಯನ್ನು ನೇಮಿಸಿದ್ದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ಆದರೂ ತೇವಾರ ಹಾಡುವ ಓದುವಾರರು ಸಾಮಾನ್ಯವಾಗಿ ನಿಲ್ಲುವುದು ಗರ್ಭಗುಡಿಯ ಹೊರಗೆ, ಅವರ ಸರದಿ ಬರುವುದು ಪೂಜೆಯ ಕೊನೆಗೆ. ಅದೇ ಗುಡಿಯ 2020ರ ಕುಂಭಾಭಿಷೇಕ ಯಾವ ಭಾಷೆಯಲ್ಲಿ ಎಂಬ ತಗಾದೆ ಮದ್ರಾಸ್ ಹೈಕೋರ್ಟಿನವರೆಗೆ ಹೋಗಿ, ಎರಡರಲ್ಲೂ ನಡೆಯಲಿ ಎಂದು ತೀರ್ಮಾನವಾಯಿತು. ಅಪ್ಪರ್ ಹೇಳಿದ್ದೂ ಅದನ್ನೇ, ಕೋರ್ಟಿನ ಖರ್ಚಿಲ್ಲದೆ.

ಇನ್ನು ಕನ್ನಡ ನಾಡಿನಲ್ಲಿ ತಮಿಳೇಕೆ ಎಂಬುದು. ಗುಡಿಯ ಪಾಠ ರಾಜ್ಯದ ಗಡಿಯನ್ನಲ್ಲ, ಗುರುಪರಂಪರೆಯನ್ನು ಹಿಡಿದು ಹೋಗುತ್ತದೆ. ತೆಲುಗು ನಾಡಿನ ತಿರುಮಲೆಯಲ್ಲೂ ಧನುರ್ಮಾಸ ಬಂತೆಂದರೆ ಸಂಸ್ಕೃತದ ಸುಪ್ರಭಾತಕ್ಕೆ ಬಿಡುವು, ಅದರ ಜಾಗದಲ್ಲಿ ತಿರುಪ್ಪಾವೈ. ನಮ್ಮಲ್ಲಿ ಕನ್ನಡ ದೇವರ ಮುಂದೆ ಬಂದದ್ದು ಬೇರೆ ದಾರಿಗಳಿಂದ, ವಚನಕಾರರಿಂದ ಮತ್ತು ಹರಿದಾಸರಿಂದ. ಆ ಕಥೆಗೆ ಬೇರೆಯೇ ಕಂತು ಬೇಕು.

ಪ್ರಶ್ನೆ: ಕನ್ನಡ ಲಿಪಿಯ ಪುಸ್ತಕ ಇಟ್ಟುಕೊಂಡು ತಿರುಪ್ಪಾವೈ ಕಲಿಯುತ್ತಿದ್ದೇನೆ. ‘ಮಾರ್ಗಳಿ’ ಸರಿಯೋ ‘ಮಾರ್ಗಝಿ’ ಸರಿಯೋ?

ಉತ್ತರ: ಎರಡೂ ಅಲ್ಲ, ‘ಮಾರ್ಗೞಿ’, ಅಂದರೆ ಧನುರ್ಮಾಸದ ತಮಿಳು ಹೆಸರು. ಇಂಗ್ಲಿಷ್ ಬರಹದ ಝಡ್-ಎಚ್ ನೋಡಿ ‘ಝಿ’ ಎನ್ನುವವರಿಗಿಂತ ‘ಳಿ’ ಎನ್ನುವವರೇ ವಾಸಿ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ, ಅಂಗುಳಿಗೆ ತಾಗಿಸದೆ ಉಸಿರು ಬಿಡಿ, ಆ ಧ್ವನಿ ಬರುತ್ತದೆ. ಇದು ಪರಕೀಯವೇನಲ್ಲ. ಹಳಗನ್ನಡದಲ್ಲಿ ಈ ಅಕ್ಷರ ಇತ್ತು, ಕಾಲಕ್ರಮದಲ್ಲಿ ‘ಳ’ದೊಳಗೆ ಕರಗಿತು. ಮೊದಲ ಪಾಶುರ ‘ಮಾರ್ಗೞಿತ್ ತಿಂಗಳ್ ಮದಿನಿಱೈಂದ ನನ್ನಾಳಾಲ್’ ಎಂದು ಶುರುವಾಗುತ್ತದೆ. ತಿಂಗಳು ನಮ್ಮದೇ, ‘ನಿಱೈ’ ಹಳಗನ್ನಡದ ‘ನೆಱೆ’, ಅಂದರೆ ತುಂಬು; ‘ನನ್ನಾಳ್’ ಎಂದರೆ ಒಳ್ಳೆಯ ದಿನ, ನಲ್ ಮತ್ತು ನಾಳ್. ನಾಲ್ಕನೆಯದು ಮಳೆಯನ್ನು ಬೇಡುವ ಪಾಶುರ, ‘ಆೞಿ ಮೞೈಕ್ಕಣ್ಣಾ’. ಅಲ್ಲಿರುವ ‘ಮೞೈ’ ಹಳಗನ್ನಡದ ‘ಮೞೆ’. ಅಭ್ಯಾಸವನ್ನು ಆ ಪದದಿಂದಲೇ ಶುರುಮಾಡಿ.